ತಿರುವಿಗೊಂದು ಬಟ್ಟೆಪಟ್ಟಿ

ಆ ಊರಿನ ಕ್ಷೌರದಂಗಡಿಯವನನ್ನು ಎಲ್ಲರೂ ಬಾಲಂಗೋಚಿ ಎಂದೇ ಕರೆಯುತ್ತಿದ್ದರು. ಅಂಗಡಿಯ ಬೋರ್ಡಿನ ಮೇಲೆ ಬೇರೆ ಹೆಸರಿತ್ತು, ಅದನ್ನು ಓದುವ ತೊಂದರೆ ಯಾರೂ ತೆಗೆದುಕೊಂಡಿರಲಿಲ್ಲ. ನದಿ ದಂಡೆಯ ಜಲ್ಲಿ ದಾರಿಗಳಲ್ಲಿ ಭಾನುವಾರ ಸೈಕಲ್ಲು ತುಳಿಯುವ ಗುಂಪೊಂದು ಆ ಊರಿನಲ್ಲಿತ್ತು. ಆ ಗುಂಪಿನ ಕಟ್ಟಕಡೆಯಲ್ಲಿ, ಗಾಳಿಪಟದ ಬಾಲದ ಹಾಗೆ ತೂಗಾಡಿಕೊಂಡು ಬರುವವನು ಇವನು. ತುಳಿಯಲು ಕಸುವಿಲ್ಲದವನು ಎಂದುಕೊಳ್ಳಬೇಡಿ. ಕೊನೆಯಲ್ಲಿ ಬರುವುದೇ ಅವನಿಗೆ ವಹಿಸಿದ ಕೆಲಸ.

ಆ ದಾರಿಗಳೆಲ್ಲ ರೈತರ ಹೊಲ, ಹುಲ್ಲುಗಾವಲುಗಳ ನಡುವೆ ಹಾದುಹೋಗುತ್ತವೆ. ಗೇಟು ತೆರೆದು, ಹೋಗಿ ಬನ್ನಿ ಎನ್ನುವುದು ಅವರ ದೊಡ್ಡ ಮನಸ್ಸು. ಆದರೆ ಕಲ್ಲಿಗೆ ಬಣ್ಣ ಬಳಿಯಬಾರದು, ಕಂಬ ನೆಡಬಾರದು ಎಂದು ಮೊದಲೇ ಮಾತಾಗಿತ್ತು. ಹಾಗಾಗಿ ಹಿಂದಿನ ದಿನ ಒಬ್ಬರು ಹೋಗಿ, ತಿರುವು ಇರುವ ಕಡೆಯಲ್ಲೆಲ್ಲ ಬೇಲಿಗೋ ಪೊದೆಗೋ ಒಂದೊಂದು ಬಟ್ಟೆಪಟ್ಟಿ ಕಟ್ಟಿ ಬರುತ್ತಿದ್ದರು. ಕೆಂಪು ಕಂಡರೆ ಎಡಕ್ಕೆ, ಹಳದಿ ಕಂಡರೆ ಬಲಕ್ಕೆ. ಏನೂ ಕಾಣದಿದ್ದರೆ ನೆಟ್ಟಗೆ ಹೋಗುತ್ತಿರಬೇಕು. ಕೊನೆಯಲ್ಲಿ ಬರುವವನು ಅವನ್ನೆಲ್ಲ ಬಿಚ್ಚಿ ಚೀಲಕ್ಕೆ ತುಂಬಿಕೊಳ್ಳಬೇಕು. "ಒಂದು ಪಟ್ಟಿ ಬಿಟ್ಟು ಹೋದ್ರೂ ಅದು ನನ್ನ ಹಸುವಿನ ಹೊಟ್ಟೆ ಸೇರುತ್ತೆ, ಆಮೇಲೆ ನಿಮ್ಮ ಗುಂಪೇ ಈ ಗೇಟಿನ ಹತ್ರ ಕಾಣಬಾರದು," ಎಂದು ಹಾಲಿನಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಅವಳ ಹಸುಗಳಿಗೆ ಬಟ್ಟೆ ಎಂದರೆ ಅದೇನು ಆಸೆಯೋ, ಒಮ್ಮೆ ಒಬ್ಬರ ಕೈಚೀಲವನ್ನೇ ಅರ್ಧ ಜಗಿದಿದ್ದವು.

ಬಾಲಂಗೋಚಿಗೆ ಈ ಕೆಲಸ ಇಷ್ಟವಾಗಿತ್ತು. ದಿನವಿಡೀ ಅಂಗಡಿಯಲ್ಲಿ ಜನರ ತಲೆಯ ಹಿಂಭಾಗ ನೋಡಿಕೊಂಡು ಬದುಕಿದವನಿಗೆ ಭಾನುವಾರವೂ ಎಲ್ಲರ ಬೆನ್ನು ನೋಡುವುದು ಹೊಸದೇನಲ್ಲ. ಬರಿದಲೆ ಕಂಡರೆ ಸಾಕು, ಸುಳಿ ನೋಡಿ ಯಾರೆಂದು ಹೇಳಿಬಿಡುತ್ತಿದ್ದ. ಸೈಕಲ್ಲಿನ ಮೇಲೆ ಮಾತ್ರ ಎಲ್ಲರೂ ಹೆಲ್ಮೆಟ್ ಹಾಕಿಕೊಂಡು ಅವನ ವಿದ್ಯೆಗೆ ಕಲ್ಲು ಹಾಕುತ್ತಿದ್ದರು. ಹಾಗಾಗಿ ಜಾಕೆಟಿನ ಬಣ್ಣ ನೋಡಿ ಗುರುತಿಟ್ಟುಕೊಳ್ಳುತ್ತಿದ್ದ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇವನಿಗೆ ಸೈಕಲ್ಲು ಕಲಿಸಿದವರು ಇವನ ಭಾವ. ಅದೂ ಮೀಸೆ ಬಂದ ಮೇಲೆ. ಭಾವ ಆಯುಷ್ಯವೆಲ್ಲ ಊರಿನ ಬಸ್ಸು ಓಡಿಸಿದವರು. ಬಾಲಂಗೋಚಿ ಅಂಗಡಿ ತೆರೆದ ದಿನ ಮೊದಲ ಗಿರಾಕಿಯಾಗಿ ಕುರ್ಚಿಯಲ್ಲಿ ಕುಳಿತವರೂ ಅವರೇ. ಹೊಸ ಕತ್ತರಿ, ಹೊಸ ಕೈ, ಭಾವನ ಎಡಗಿವಿ ಕಚಕ್ ಎಂದಿತ್ತು. ರಕ್ತ ಕಂಡು ಇವನು ಕತ್ತರಿ ಕೆಳಗಿಟ್ಟರೆ, ಭಾವ ಕನ್ನಡಿಯಲ್ಲೇ ಕಣ್ಣು ಹೊಡೆದು, "ಕಿವಿ ಇನ್ನೂ ಜಾಗದಲ್ಲೇ ಇದೆಯಲ್ಲ, ಮುಂದುವರಿಸು," ಎಂದಿದ್ದರು. ಅಷ್ಟೇ ಅಲ್ಲ, ಕಿವಿಗೆ ಬ್ಯಾಂಡೇಜು ಅಂಟಿಸಿಕೊಂಡೇ ಬಸ್ಸು ಓಡಿಸುತ್ತ, ಹತ್ತಿದವರಿಗೆಲ್ಲ "ನನ್ನ ಬಾಮೈದ ಎಂಥಾ ಕಟಿಂಗ್ ಮಾಡಿದಾನೆ ನೋಡಿ" ಎಂದು ತಲೆ ತಿರುಗಿಸಿ ತೋರಿಸಿದ್ದರು. ಅಂಗಡಿ ನೆಲೆ ನಿಂತದ್ದು ಆ ಒಂದು ಮಾತಿನಿಂದ. ಆ ಕತ್ತರಿಯನ್ನು ಬಾಲಂಗೋಚಿ ಇವತ್ತಿಗೂ ಕಣ್ಣಿನ ರೆಪ್ಪೆಯಂತೆ ಕಾಪಾಡಿಕೊಂಡಿದ್ದಾನೆ. ಕೂದಲು ಬಿಟ್ಟು ಇನ್ನೇನನ್ನೂ ಅದು ಮುಟ್ಟಿಲ್ಲ. ಬಟ್ಟೆ ಕತ್ತರಿಸಿದರೆ ಅಲಗು ಮೊಂಡಾಗುತ್ತದೆ. ಒಂದು ಸಲ ಅಕ್ಕ ಬಂದು, "ಈ ದಾರವೊಂದು ಕತ್ತರಿಸ್ಕೊಡೋ," ಎಂದಾಗ ಅವಳಿಗೂ ಕೊಟ್ಟಿರಲಿಲ್ಲ. ಅಕ್ಕ ಎಷ್ಟೋ ದಿನ ಮುಖ ಊದಿಸಿಕೊಂಡಿದ್ದಳು.

ಅಕ್ಕ ಶಾಲೆಯ ಅಡುಗೆಮನೆ ನೋಡಿಕೊಳ್ಳುವವಳು. ಸೌಟು ಹಿಡಿದರೆ ಇಡೀ ಶಾಲೆ ಸಾಲಾಗಿ ನಿಲ್ಲಬೇಕು, ಹಾಗಿತ್ತು ಅವಳ ದರ್ಬಾರು. ಅಂಥವಳು ಕಳೆದ ಚಳಿಗಾಲದಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಮುದುಡಿ ಕುಳಿತಿದ್ದಳು. ಭಾವನಿಗೆ ಸ್ಟ್ರೋಕ್ ಆಗಿತ್ತು. ಪುಣ್ಯಕ್ಕೆ ಕೈಕಾಲು ಮರಳಿ ಬಂದವು, ಮಾತೂ ಬಂತು, ತಮಾಷೆಯಂತೂ ಎಲ್ಲಕ್ಕಿಂತ ಮೊದಲು ಬಂತು. ಬಾರದೆ ಉಳಿದದ್ದು ಒಂದೇ. ಎಡ ಮತ್ತು ಬಲ ಅವರ ತಲೆಯೊಳಗೆ ಅದಲುಬದಲಾಗಿಬಿಟ್ಟಿದ್ದವು. ಎಡಕ್ಕೆ ಎಂದು ಬಾಯಲ್ಲಿ ಹೇಳುತ್ತಲೇ ಬಲಕ್ಕೆ ತಿರುಗುತ್ತಿದ್ದರು, ತಿರುಗಿದ್ದು ಸರಿಯೆಂದೇ ನಂಬುತ್ತಿದ್ದರು. ಅವರ ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥವು. ಮುಂದಿನ ಕಿಟಕಿಗೆ ಅಕ್ಕ ಇಳಿಬಿಟ್ಟಿದ್ದ ಹಸಿರು ಪರದೆ ನೋಡಿಯೇ ಭಾವ ಮನೆ ಸೇರುತ್ತಿದ್ದರು. ಆ ಪರದೆಯನ್ನು ಅರ್ಧ ಸರಿಸಿ ಹಿಡಿದು ಅಕ್ಕ ದಾರಿ ಕಾಯುತ್ತಿದ್ದಳು.

ಬಸ್ಸು ಹೋಯಿತು, ಕಾರಿನ ಕೀಲಿ ಹೋಯಿತು. ಉಳಿದದ್ದು ಕಂದು ಬಣ್ಣದ ಸೈಕಲ್ಲೊಂದು. ಅದರ ಮೇಲೂ ಕುತ್ತು ಬಂದದ್ದು, ದೊಡ್ಡ ಸರ್ಕಲ್ಲಿನಲ್ಲಿ ಭಾವ ಲಾರಿಯೊಂದರ ಮುಂದೆಯೇ ತಪ್ಪು ಕಡೆಗೆ ತಿರುಗಿದ ದಿನ. ಲಾರಿಯವನು ಬ್ರೇಕು ಹಾಕಿದ, ಬದುಕಿಕೊಂಡರು. ಅಂದಿನಿಂದ ಅಕ್ಕ ಸೈಕಲ್ಲಿಗೆ ಬೀಗ ಜಡಿದಿದ್ದಳು. ಬಾಲಂಗೋಚಿ ಗೋಗರೆದು, ಜಲ್ಲಿ ದಾರಿಯಲ್ಲಿ ಲಾರಿಗಳಿಲ್ಲವಲ್ಲ ಎಂದು ಹೇಳಿ ಹೇಳಿ ಸಾಕಾದ ಮೇಲೆ ಅವಳು ಒಂದು ಭಾನುವಾರಕ್ಕೆ ಒಪ್ಪಿದಳು.

"ಇವತ್ತೊಂದ್ಸಲ ನೋಡ್ತೀನಿ," ಎಂದಳು, ಹೊರಡುವ ಬೆಳಿಗ್ಗೆ, ಸೂಪಿನ ಪಾತ್ರೆಯನ್ನು ಕಾರಿಗೆ ಏರಿಸುತ್ತ. "ನಿನ್ನ ಭಾವ ದಾರಿ ತಪ್ಪದೆ ಕೊನೇಲಿರೋ ದೋಣಿಮನೆಗೆ ಬಂದು ಸೇರಿದ್ರೆ ಸೈಕಲ್ಲು ಅವರದ್ದೇ. ತಪ್ಪಿದ್ರೋ, ನಾಳೇನೇ ಅದು ಮನೆಯಿಂದ ಆಚೆ. ಆಮೇಲೆ ಯಾರೂ ನನ್ನ ಹತ್ರ ವಕಾಲತ್ತಿಗೆ ಬರಬೇಡಿ."

"ಒಪ್ಪಿದೆ ಮಹಾರಾಯ್ತಿ," ಎಂದರು ಭಾವ.

"ನಾನು ಹಿಂದೆ ಇರ್ತೀನಲ್ಲಕ್ಕ," ಎಂದ ಬಾಲಂಗೋಚಿ. "ನನ್ನನ್ನ ದಾಟಿ ಯಾರು ತಾನೇ ತಪ್ಪಿಸಿಕೊಳ್ತಾರೆ?"

ಆ ಸಲದ ದಾರಿ ಹೊಸದು, ನದಿಯ ಆಚೆ ದಂಡೆಯದು. ಭಾವನೂ ಅದನ್ನು ನೋಡಿರಲಿಲ್ಲ. ಎಂಥ ದಾರಿ ಅಂತೀರಿ! ನದಿಗೆ ಅವಸರವೇ ಇರಲಿಲ್ಲ, ದಾರಿಗೂ ಇರಲಿಲ್ಲ. ಎರಡೂ ಮಾತಾಡಿಕೊಂಡು ಹೋಗುವ ಹಳೆಯ ಗೆಳತಿಯರ ಹಾಗೆ ಅಕ್ಕಪಕ್ಕದಲ್ಲಿ ಸಾಗಿದ್ದವು. ಏರು ಎಂಬುದು ಹೆಸರಿಗೆ ಮಾತ್ರ. ಗಾಳಿ ಸ್ವಲ್ಪ ಇಳಿಸಿದ ದಪ್ಪ ಟೈರುಗಳ ಕೆಳಗೆ ಸಣ್ಣ ಜಲ್ಲಿ ಹುರಿಗಾಳು ಅಗಿದಂತೆ ಕಟಕಟ ಎನ್ನುತ್ತಿತ್ತು. ಮುಂದೆ ಭಾವನ ಕಿತ್ತಳೆ ಜಾಕೆಟ್ಟು ಎದ್ದು ಕಾಣುತ್ತಿತ್ತು. ಅವರು ಕೈಬಿಟ್ಟು ತುಳಿದು, ತಿರುಗಿ ನೋಡಿ ಹಲ್ಲು ಕಿರಿದರು. ಆಸ್ಪತ್ರೆಯ ಆ ಹಾಸಿಗೆಯಿಂದ ಈ ಮನುಷ್ಯ ಎದ್ದು ಇಲ್ಲಿಗೆ ಬಂದದ್ದಕ್ಕೆ ಯಾರಿಗೆ ಕೈಮುಗಿಯಬೇಕೋ ತಿಳಿಯದ ಬಾಲಂಗೋಚಿ, ಗೇಟು ತೆರೆದು ನಿಂತಿದ್ದ ರೈತನಿಗೇ ಎರಡೆರಡು ಸಲ ನಮಸ್ಕಾರ ಹೇಳಿದ. ಅವನು ಕಕ್ಕಾಬಿಕ್ಕಿಯಾದ.

ಅರ್ಧ ದಾರಿಯಲ್ಲಿ ಕಾಲುವೆಯ ತೂಬು. ಅದರ ಗೇಟು ಎತ್ತಿ ಇಳಿಸಿ ನೀರು ಬಿಡುವ ಅಜ್ಜ ಎಲ್ಲರಿಗೂ ಚಹಾ ಕಾಸಿ ಇಟ್ಟಿದ್ದ. ಅಲ್ಲಿಯೇ ಕೆಟ್ಟದ್ದು. ನಡೆದದ್ದು ಇಷ್ಟು: ಭಾವ, "ಇದು ಜೇಬಲ್ಲಿ ಕುಣಿಯುತ್ತೆ, ನಿನ್ನ ಹತ್ರ ಇಟ್ಕೋ," ಎಂದು ಫೋನನ್ನು ಬಾಲಂಗೋಚಿಯ ಚೀಲಕ್ಕೆ ಹಾಕಿದರು. ಆಮೇಲೆ ಇವನು ಅಜ್ಜನ ಗಡ್ಡ ನೋಡಿ, ಇದನ್ನು ಹೀಗೆ ಬಿಟ್ಟರೆ ಹೇಗೆ ಎಂದು ಹಿತ್ತಿಲಿಗೆ ಕರೆದೊಯ್ದು ಓರಣ ಮಾಡಲು ಶುರುವಿಟ್ಟ. ಕಸುಬಿನ ಚಟ, ಎಲ್ಲಿ ಹೋದರೂ ಬಿಡದು. ಆ ಹೊತ್ತಿನಲ್ಲಿ ಗುಂಪಿನಲ್ಲಿದ್ದ ಅಂಚೆಯಣ್ಣ ಬೆವರು ಆರಿ ನಡುಗುತ್ತಿರುವುದನ್ನು ಕಂಡು ಭಾವ ತಮ್ಮ ಕಿತ್ತಳೆ ಜಾಕೆಟ್ಟು ಬಿಚ್ಚಿ ಅವನಿಗೆ ತೊಡಿಸಿದರು. ತಾವು ಸೈಕಲ್ಲು ಸಮೇತ ಪೊದೆಗಳ ಹಿಂದೆ ಹೋಗಿ, ನೀರಿಗಿಳಿದು ಕಾಲು ನೆನೆಸಿಕೊಂಡು, ದಂಡೆಯ ಹುಲ್ಲಿನ ಮೇಲೆ ಒರಗಿದರು. ಒರಗಿದವರಿಗೆ ಜೊಂಪು ಹತ್ತಿತು.

ಗಡ್ಡವನ್ನು ಅರ್ಧಕ್ಕೇ ಬಿಟ್ಟು ಬಾಲಂಗೋಚಿ ಬಂದು ನೋಡಿದರೆ ಅಂಗಳ ಖಾಲಿ. ಪದ್ಧತಿಯಂತೆ, "ನನ್ನ ಹಿಂದೆ ಯಾರಾದ್ರೂ ಇದೀರಾ?" ಎಂದು ಗಟ್ಟಿಯಾಗಿ ಕೂಗಿದ. ತೂಬಿನ ನೀರಿನ ಸದ್ದಿನಲ್ಲಿ ಅವನ ಕೂಗು ಅವನಿಗೇ ಸರಿಯಾಗಿ ಕೇಳಿಸಲಿಲ್ಲ. ಉತ್ತರ ಬರಲಿಲ್ಲ. ದೂರದಲ್ಲಿ, ದಾರಿ ಕವಲಾಗುವ ಕಡೆ, ಕಿತ್ತಳೆ ಜಾಕೆಟ್ಟು ಮಿನುಗಿತು. ಅಗೋ ಭಾವ, ಎಲ್ಲರ ಜೊತೆ ಸರಿಯಾಗಿ ಹೋಗುತ್ತಿದ್ದಾರೆ ಎಂದು ಹೊಟ್ಟೆ ತಣ್ಣಗಾಗಿ, ಇವನು ಹಿಂಬಾಲಿಸಿದ. ಕವಲು ಬಂದಲ್ಲೆಲ್ಲ ಪಟ್ಟಿ ಬಿಚ್ಚಿದ, ಚೀಲಕ್ಕೆ ತುರುಕಿದ. ದಾರಿ ಮುಗಿಯುವವರೆಗೂ ಆ ಜಾಕೆಟ್ಟಿನ ಮೇಲೆ ಕಣ್ಣಿಟ್ಟು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಹಗುರಾಗಿ ಬಂದ.

ದೋಣಿಮನೆಯ ಮುಂದೆ ಅಕ್ಕ ಸೌಟು ಹಿಡಿದು ನಿಂತಿದ್ದಳು. ಬಾಲಂಗೋಚಿ ಸೈಕಲ್ಲು ಇಳಿದವನೇ ಕಿತ್ತಳೆ ಜಾಕೆಟ್ಟಿನ ಬೆನ್ನಿಗೆ ಗುದ್ದಿ, "ಗೆದ್ದುಬಿಟ್ರಲ್ಲ ಭಾವ!" ಎಂದ.

ಜಾಕೆಟ್ಟು ತಿರುಗಿತು. ಅಂಚೆಯಣ್ಣ ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡು ಪಿಳಿಪಿಳಿ ನೋಡಿದ.

ಬಾಲಂಗೋಚಿ ಸುತ್ತಲಿನ ಮುಖಗಳಲ್ಲೆಲ್ಲ ಭಾವನನ್ನು ಹುಡುಕಿದ. ಒಬ್ಬರು ಭಾವನ ಫೋನಿಗೆ ಕರೆ ಮಾಡಿದರು. ಅದು ಇವನ ಬೆನ್ನ ಮೇಲಿನ ಚೀಲದಲ್ಲೇ, ಪಟ್ಟಿಗಳ ನಡುವೆ, ಉಲ್ಲಾಸದಿಂದ ಹಾಡತೊಡಗಿತು. ಅಕ್ಕ ಕಿರುಚಿದ್ದರೆ ಚೆನ್ನಾಗಿತ್ತು. ಅವಳು ಸೌಟನ್ನು ಪಾತ್ರೆಯೊಳಗೆ ಮೆಲ್ಲಗೆ ಬಿಟ್ಟು, ಚೀಲ ನೋಡಿ, "ದಾರಿಯ ಪಟ್ಟಿಯೆಲ್ಲ ಇದರಲ್ಲೇ ಇದೆಯಲ್ಲೋ," ಎಂದಳು. "ಅವರಿಗೆ ಅಲ್ಲಿ ಏನಿದೆ ನೋಡ್ಕೊಂಡು ಬರಕ್ಕೆ?"

ಕಾರಿದ್ದವರು ಡಾಂಬರು ರಸ್ತೆ ಹಿಡಿದು ತೂಬಿನ ಕಡೆಗೆ ಹೊರಟರು. ಬಾಲಂಗೋಚಿ ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟ. ಹೋಗುತ್ತ ಹೋಗುತ್ತ ತಿರುವು ಬಂದ ಕಡೆಯಲ್ಲೆಲ್ಲ ಪಟ್ಟಿ ಕಟ್ಟಿದ. ತಾನು ಯಾವುದೋ ಅಡ್ಡದಾರಿಯಲ್ಲಿ ಹುಡುಕುತ್ತಿರುವಾಗ ಭಾವ ಈ ಕಡೆ ಬಂದುಬಿಟ್ಟರೆ, ಪಾಪ, ಅವರಿಗೆ ಗುರುತಾದರೂ ಇರಲಿ ಎಂಬ ಯೋಚನೆ. ಯೋಚನೆ ಚಿನ್ನದಂಥದ್ದೇ. ಆದರೆ ಕಳವಳದಲ್ಲಿ ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ತಾನು ಬಲಕ್ಕೆ ತಿರುಗಿದ ಕಡೆ ಹಳದಿ ಕಟ್ಟಿದ, ಎಡಕ್ಕೆ ತಿರುಗಿದ ಕಡೆ ಕೆಂಪು. ಹಿಂದಕ್ಕೆ ಹೋಗುವವನ ಬಲ, ಮುಂದಕ್ಕೆ ಬರುವವನಿಗೆ ಎಡ ಎಂಬುದು ಆ ಬೆಪ್ಪುತಕ್ಕಡಿಗೆ ಹೊಳೆಯಲೇ ಇಲ್ಲ. ಬೇಲಿಯಿಂದ ಬೇಲಿಗೆ, ಗಂಟು ಬಿಗಿಯಾಗಿ ಹಾಕುತ್ತ, ಇಡೀ ದಾರಿಯನ್ನು ತಿರುಗುಮುರುಗು ಮಾಡಿಟ್ಟ.

ತೂಬಿಗೆ ಸಮೀಪದ ಮೊದಲ ಕವಲಿನಲ್ಲೂ ಒಂದು ಹಳದಿ ಕಟ್ಟಿ, ಅಜ್ಜನ ಅಂಗಳಕ್ಕೆ ಓಡಿ ಬಂದ. ಕಾರಿನವರು ಆಗಲೇ ಬಂದು, ಭಾವ ಅಲ್ಲಿ ಕಾಣದೆ, ಎದುರು ದಂಡೆಗೆ ಹೋದರೇನೋ ಎಂದು ಸೇತುವೆ ದಾಟಿದ್ದರು. ಅರ್ಧ ಗಡ್ಡ ಓರಣವಾಗಿ ಇನ್ನರ್ಧ ಹಾಗೇ ಇದ್ದ ಅಜ್ಜ, "ನಿಮ್ಮ ಭಾವ ಆಗಲೇ ಎದ್ದು ಹೋದ್ರಪ್ಪ. ಎಲ್ರೂ ಬಿಟ್ಟು ಹೋದ್ರಲ್ಲ ಅಂತ ನಗ್ತಾನೇ ಹೋದ್ರು," ಎಂದ.

ಹೋದವರು ಎದುರಿಗೆ ಸಿಗಬೇಕಿತ್ತಲ್ಲ! ಬಾಲಂಗೋಚಿ ತಲೆ ಕೆರೆದುಕೊಂಡ. ಆಮೇಲೆ ಹೊಳೆಯಿತು. ಮೊದಲ ಕವಲಿನಲ್ಲಿ ಪಟ್ಟಿ ಇರಲಿಲ್ಲ, ಪಟ್ಟಿ ಇಲ್ಲದಿದ್ದರೆ ನೆಟ್ಟಗೆ. ನೆಟ್ಟಗೆ ಹೋದರೆ ಹಾಲಿನಮ್ಮನ ಕೊಟ್ಟಿಗೆ.

ಹಾಲಿನಮ್ಮ ಕೊಟ್ಟಿಗೆ ತೊಳೆಯುತ್ತಿದ್ದಳು. "ಬಂದಿದ್ರು, ಬಂದಿದ್ರು," ಎಂದಳು, ಪೊರಕೆ ನಿಲ್ಲಿಸದೆ. "ಎಂಥಾ ಮನುಷ್ಯನಪ್ಪ! ದಾರಿ ತಪ್ಪಿ ಬಂದೋರು ನನ್ನ ಕರು ಹಿಡಿದುಕೊಟ್ಟು ಹೋದ್ರು. ನಾನೇ ಕವಲಿನವರೆಗೆ ಕರ್ಕೊಂಡು ಹೋಗಿ, ತೂಬಿಗೆ ಬೆನ್ನು ಮಾಡಿ ನಿಲ್ಲಿಸಿ ಬಂದೆ. ಅಲ್ಲಿ ಹಳದಿ ಪಟ್ಟಿ ಇತ್ತು. ಇನ್ನು ನೀವು ಹೋಗಿ, ನಾನು ಓದ್ಕೊಂಡು ಹೋಗ್ತೀನಿ ಅಂದ್ರು. 'ಹಳದಿ ಅಂದ್ರೆ ಬಲ, ಹಳದಿ ಅಂದ್ರೆ ಬಲ' ಅಂತ ಜಪ ಮಾಡ್ತಾ ನಿಂತಿದ್ರು."

"ಬಲ ಅಲ್ವಲ್ಲ, ಅಲ್ಲಿ ಎಡಕ್ಕೆ..." ಎಂದ ಬಾಲಂಗೋಚಿ. ಒಂದು ಪಟ್ಟಿಯಲ್ಲ, ಕಟ್ಟಿದ್ದೆಲ್ಲವೂ ಕಣ್ಣ ಮುಂದೆ ಸಾಲಾಗಿ ಬಂದವು. "ಯಾವ ಕಡೆಗೆ ತಿರುಗಿದ್ರು?"

"ನಾನೆಲ್ಲಿ ನೋಡ್ತಾ ಕೂರಲಿ? ಕರು ಕೂಗ್ತಿತ್ತು, ಬಂದುಬಿಟ್ಟೆ."

ಆ ಕವಲಿನ ಬಲದಾರಿ ಹಳೆಯ ಮರಳುಗುಂಡಿಗೆ ಹೋಗುತ್ತದೆ. ನದಿಯ ನೀರು ನುಗ್ಗಿ, ಅಂಚು ಕುಸಿದು, ಎಷ್ಟು ಆಳವೋ ಅಳೆದವರಿಲ್ಲ. ಬಾಲಂಗೋಚಿ ಸೈಕಲ್ಲು ಹಾರಿ ಹತ್ತಿದ. ನಾನೇ ಕಳಿಸಿದೆನಲ್ಲ, ನನ್ನ ಕೈಯಾರೆ ಗುರುತು ಕಟ್ಟಿ ಕಳಿಸಿದೆನಲ್ಲ ಎಂದು ಬಡಬಡಿಸುತ್ತ ಗುಂಡಿಯ ಅಂಚಿನವರೆಗೂ ಹೋದ. ನೀರು ನಿಶ್ಚಿಂತೆಯಿಂದ ಮಲಗಿತ್ತು, ಎರಡು ಬಾತುಗಳು ತೇಲುತ್ತಿದ್ದವು. ಅಂಚಿನ ಹಸಿ ಮರಳಿನ ಮೇಲೆ ಬಾತುಗಳ ಹೆಜ್ಜೆ ಬಿಟ್ಟರೆ ಒಂದು ಗೆರೆಯೂ ಇರಲಿಲ್ಲ. ಅಲ್ಲೇ ಕುಳಿತು ಅತ್ತುಬಿಡೋಣ ಎನ್ನಿಸಿತು. ಆದರೆ ಅಳುವುದಕ್ಕೆ ಪುರುಸೊತ್ತೆಲ್ಲಿ?

ಹಿಂತಿರುಗಿ ಕವಲಿಗೆ ಬಂದ. ಎಡದಾರಿಯ ಬಾಯಲ್ಲಿ ಹಸುಗಳ ತೊಟ್ಟಿ ತುಂಬಿ ಹರಿದು ಜಲ್ಲಿಯ ಮೇಲೆ ಕೆಸರು ನಿಂತಿತ್ತು. ಅಲ್ಲಿ, ಇವನದೇ ಟೈರಿನ ಗುರುತನ್ನು ತುಳಿದುಕೊಂಡು, ಜೋಳದ ತೆನೆಯ ಕಾಳಿನಂಥ ಅಚ್ಚು ಹೋಗಿತ್ತು. ಭಾವನ ಹೊಸ ಟೈರು. ಮೊನ್ನೆ ಇಬ್ಬರೂ ಕೂತು ಹಾಕಿದ್ದು, ಉಗುರು ಕಿತ್ತುಕೊಂಡು. ಎಡಕ್ಕೆ ಹೋಗಿದ್ದಾರೆ! ಹಳದಿ ನೋಡಿ ಎಡಕ್ಕೆ!

ಹೇಗೋ ತಪ್ಪಿ ಸರಿಯಾಗಿದೆ ಎಂದುಕೊಂಡ. ಮುಂದಿನ ಕವಲಿಗೆ ಎದ್ದುಬಿದ್ದು ಹೋದ. ಅಲ್ಲಿ ಇವನು ಕಟ್ಟಿದ್ದು ಕೆಂಪು, ಹೋಗಬೇಕಾದದ್ದು ಬಲಕ್ಕೆ. ದಾರಿ ಒಣಗಿತ್ತು, ಅಚ್ಚು ಕಾಣಲಿಲ್ಲ. ಆದರೆ ಬಲಗಡೆಯ ಗೇಟನ್ನು ಯಾರೋ ತೆರೆದು, ಮತ್ತೆ ಹಾಕಿ, ಚಿಲಕಕ್ಕೆ ಹಗ್ಗವನ್ನು ಎರಡು ಸುತ್ತು ಸುತ್ತಿದ್ದರು. ಬಸ್ಸಿನ ಹಿಂದಿನ ಬಾಗಿಲಿಗೆ ಭಾವ ಸುತ್ತುತ್ತಿದ್ದದ್ದು ಹಾಗೆಯೇ. ಅದರ ಮುಂದಿನ ಕವಲಿನಲ್ಲಿ ಮತ್ತೆ ಹಳದಿ, ಮತ್ತೆ ಎಡಕ್ಕೆ ಜೋಳದ ತೆನೆ. ಆಗ ಬಾಲಂಗೋಚಿ ಸೈಕಲ್ಲು ನಿಲ್ಲಿಸಿದ. ಅವನು ಉಲ್ಟಾ ಕಟ್ಟಿದ್ದ, ಭಾವ ಉಲ್ಟಾ ಓದಿದ್ದರು. ದಾರಿಯುದ್ದಕ್ಕೂ ಒಂದೂ ಬಿಡದೆ. ಬೇಲಿ ಹಿಡಿದುಕೊಂಡು ನಗಲು ಶುರು ಮಾಡಿದವನಿಗೆ ಯಾವಾಗ ಅಳು ಬಂತೋ ತಿಳಿಯಲಿಲ್ಲ. ತನ್ನ ದಡ್ಡತನಕ್ಕೆ ಹುಟ್ಟಿದಾಗಿನಿಂದ ಮೊದಲ ಬಾರಿಗೆ ಮನಸಾರೆ ಕೃತಜ್ಞನಾದ. ಪಟ್ಟಿಗಳನ್ನು ಬಿಚ್ಚುತ್ತ, ಒಂದೊಂದನ್ನೂ ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿದ.

ದೋಣಿಮನೆಯಲ್ಲಿ ಹಬ್ಬದ ಸಡಗರ. ಭಾವ ನಡುವೆ ಕುಳಿತು ಸೂಪು ಹೀರುತ್ತಿದ್ದರು, ಗುಂಪೆಲ್ಲ ಸುತ್ತ ನಿಂತಿತ್ತು. ಅಕ್ಕನ ಕಣ್ಣು ಕೆಂಪಾಗಿತ್ತು, ಆದರೆ ಬಾಯಲ್ಲಿ ಸಣ್ಣಗೆ ಏನೋ ಹಾಡು. ಚಳಿಗಾಲದಿಂದ ಈಚೆಗೆ ಅವಳು ಗುನುಗಿದ್ದನ್ನು ಯಾರೂ ಕೇಳಿರಲಿಲ್ಲ.

"ಬಾರೋ ಬಾಲಂಗೋಚಿ!" ಭಾವ ಕೂಗಿದರು. "ನಿನಗಿಂತ ಮೊದಲು ಬಂದಿದೀನಿ. ಪ್ರತಿ ಪಟ್ಟಿ ನಾನೇ ಓದಿದೆ ಕಣೋ, ಒಂದು ಕಡೆಯೂ ತಪ್ಪಿಲ್ಲ. ತಲೆ ಸರಿಹೋಯ್ತು! ಡಾಕ್ಟರು ಹೇಳಿದ್ರಲ್ಲ, ಒಂದಿನ ತಾನಾಗೇ ಸರಿಹೋಗಬಹುದು ಅಂತ."

"ಸೈಕಲ್ಲು ಅವರದ್ದೇ," ಎಂದಳು ಅಕ್ಕ, ತಮ್ಮನ ಕೈಗೆ ಸೂಪಿನ ಬಟ್ಟಲು ಕೊಡುತ್ತ. "ನಾನೇ ಸುಮ್ಸುಮ್ನೆ ಹೆದರಿದ್ದೆ."

"ನಾಳೆ ಬಸ್ ಡಿಪೋಗೆ ಹೋಗಿಬರ್ತೀನಿ," ಎಂದರು ಭಾವ. "ದೊಡ್ಡ ಸರ್ಕಲ್ ದಾಟ್ಕೊಂಡು, ಸೈಕಲ್ಲಲ್ಲೇ. ಹಳೇ ಗೆಳೆಯರನ್ನ ನೋಡಿ ಯಾವ ಕಾಲ ಆಯ್ತು."

ಅಕ್ಕ ಹೂಂ ಎಂದು ತಲೆಯಾಡಿಸಿದಳು. ಬಾಲಂಗೋಚಿ ಬಟ್ಟಲನ್ನು ಬಾಯಿಗೆ ಎತ್ತಿದವನು ಹಾಗೇ ಇಳಿಸಿದ. ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಎಲ್ಲರೂ ಸುಖವಾಗಿ ಮನೆಗೆ ಹೋಗುತ್ತಿದ್ದರು. ಆದರೆ ದೊಡ್ಡ ಸರ್ಕಲ್ಲಿನಲ್ಲಿ ಇವನ ಉಲ್ಟಾ ಪಟ್ಟಿಗಳು ಇರುವುದಿಲ್ಲ, ಲಾರಿಗಳಿರುತ್ತವೆ. ತನ್ನನ್ನು ನಂಬಿ ಕತ್ತರಿಯ ಕೆಳಗೆ ತಲೆ ಕೊಟ್ಟ ಮನುಷ್ಯನಿಗೆ ಸುಳ್ಳು ನಗು ತೋರಿಸಲು ಅವನಿಂದಾಗಲಿಲ್ಲ.

"ಭಾವ," ಎಂದ. "ತಲೆ ಸರಿಹೋಗಿಲ್ಲ. ಪಟ್ಟಿ ಸರಿಯಿರಲಿಲ್ಲ."

ಎಲ್ಲವನ್ನೂ ಹೇಳಿದ. ಹೇಳುತ್ತ ಚೀಲ ತೆಗೆದು ಪಟ್ಟಿಗಳನ್ನು ನೆಲದ ಮೇಲೆ ಸುರಿದ. ನಕ್ಕವರು ಯಾರೂ ಇಲ್ಲ. ಭಾವ ಒಂದು ಹಳದಿ ಪಟ್ಟಿ ಎತ್ತಿಕೊಂಡು, ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು. "ಹಳದಿ ಅಂದ್ರೆ ಬಲ," ಎಂದು ಮೆಲ್ಲಗೆ ಹೇಳಿ ಕೈ ತೋರಿಸಿದರು. ಎಡಕ್ಕೆ ತೋರಿಸಿದರು. ಸುತ್ತಲಿನವರ ಮುಖ ನೋಡಿಯೇ ಅವರಿಗೆ ತಿಳಿಯಿತು. ಎದ್ದರು, ಕಂದು ಸೈಕಲ್ಲನ್ನು ತಾವೇ ತಳ್ಳಿಕೊಂಡು ಬಂದು ಅಕ್ಕನ ಪಕ್ಕದ ಗೋಡೆಗೆ ಒರಗಿಸಿದರು.

"ತಗೋ," ಎಂದರು. "ಮಾತು ಅಂದ್ರೆ ಮಾತು."

ಅಕ್ಕ ಸೈಕಲ್ಲನ್ನು ಮುಟ್ಟಲಿಲ್ಲ. "ಪ್ರತಿ ಕವಲಿನಲ್ಲೂ ತಪ್ಪಾಗಿಯೇ ಓದಿದ್ರಾ?" ಎಂದು ತಮ್ಮನನ್ನು ಕೇಳಿದಳು.

"ಪ್ರತಿಯೊಂದರಲ್ಲೂ."

"ಒಂದ್ಸಲಾನೂ ಸರಿಯಾಗಿ ಓದಿಲ್ಲ?"

"ಇಲ್ಲಕ್ಕ."

"ಆದ್ರೂ ಕರು ಹಿಡಿದುಕೊಟ್ಟು, ಗೇಟು ಹಾಕಿ, ಒಬ್ಬರೇ ಇಲ್ಲಿಗೆ ಬಂದ್ರು," ಎಂದಳು ಅಕ್ಕ, ಯಾರಿಗೂ ಹೇಳಿದಂತಿರಲಿಲ್ಲ. ಆಮೇಲೆ ಪಾತ್ರೆ ತೊಳೆಯಲು ಹೊರಟಳು. ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿ ಒಯ್ದರು.

ಆ ವಾರ ಬಾಲಂಗೋಚಿಗೆ ಅನ್ನ ಸೇರಲಿಲ್ಲ. ಅಕ್ಕನ ಬೀದಿಯ ಕಡೆ ಹೋಗಲು ಮುಖವಿಲ್ಲ. ನಿಜ ಹೇಳಿ ಏನು ಸಾಧಿಸಿದಂತಾಯಿತು, ಆ ಮನುಷ್ಯನ ಕೊನೆಯ ಸುಖಕ್ಕೂ ಕತ್ತರಿ ಹಾಕಿದೆನಲ್ಲ ಎಂದು ಗಿರಾಕಿಗಳ ತಲೆಗೆಲ್ಲ ಹೇಳಿಕೊಂಡ. ತಲೆಗಳು ಏನು ತಾನೇ ಹೇಳಿಯಾವು?

ಒಂದು ಮಧ್ಯಾಹ್ನ ಅಂಗಡಿಯ ಬಾಗಿಲು ಕಿರ್ರೆಂದಿತು. ಭಾವ ಬಂದು ಕುರ್ಚಿಯಲ್ಲಿ ಕುಳಿತರು. "ಕೂದಲು ಕಿವಿ ಮುಚ್ಚುತ್ತಿದೆ," ಎಂದರು, ಅಷ್ಟೇ. ಬಾಲಂಗೋಚಿ ಬಟ್ಟೆ ಹೊದಿಸಿ, ನೀರು ಚಿಮುಕಿಸಿ, ಆ ಹಳೆಯ ಕತ್ತರಿ ಎತ್ತಿಕೊಂಡ. ಹಿಂದಿನ ಅರ್ಧ ಮುಗಿಸುವ ಹೊತ್ತಿಗೆ ಅಕ್ಕ ಒಳಗೆ ಬಂದಳು. ಕಂಕುಳಲ್ಲಿ ದೊಡ್ಡ ಗಂಟು. ಅದನ್ನು ಕನ್ನಡಿಯ ಮುಂದಿನ ಕಟ್ಟೆಯ ಮೇಲೆ, ಬಾಚಣಿಗೆ, ಪೌಡರು ಡಬ್ಬಿಗಳನ್ನೆಲ್ಲ ಪಕ್ಕಕ್ಕೆ ನೂಕಿ ಬಿಚ್ಚಿದಳು. ಮನೆಯ ಮುಂದಿನ ಕಿಟಕಿಯ ಹಸಿರು ಪರದೆ.

"ಇದನ್ನ ಯಾಕೆ ಕಿತ್ಕೊಂಡು ಬಂದೆ?" ಎಂದ ಬಾಲಂಗೋಚಿ.

"ವಾರವಿಡೀ ಯೋಚ್ನೆ ಮಾಡಿದೆ," ಎಂದಳು ಅಕ್ಕ. "ಎಡ ಅಂದ್ರೆ ಬಲ, ಬಲ ಅಂದ್ರೆ ಎಡ. ಕೆಂಪಂತೆ, ಹಳದಿಯಂತೆ. ಆ ಪಂಚಾಯ್ತಿ ಯಾಕೆ? ಬೀದಿಯ ಕೊನೇಲಿ ನಿಂತು ಈ ಪರದೆ ನೋಡ್ತಾರೆ, ನೆಟ್ಟಗೆ ಮನೆಗೆ ಬರ್ತಾರೆ. ಒಂದಿನಾನೂ ಪಕ್ಕದ ಮನೆಗೆ ಹೋಗಿಲ್ಲ. ಈ ಹಸಿರು ಕಂಡ ಕಡೆ ಹೋಗೋದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೊಡ್ಡ ಸರ್ಕಲ್ಲಿಗೆ ಮಾತ್ರ ಬೇಡ, ಡಿಪೋಗೆ ನಾನೇ ಕರ್ಕೊಂಡು ಹೋಗ್ತೀನಿ. ಆದ್ರೆ ನದಿ ದಾರೀಲಿ ಯಾವ ಕಡೆ ಹೋಗಬೇಕೋ ಆ ಕಡೆಯ ಬೇಲಿಗೆ ಇದರದ್ದೊಂದು ತುಂಡು ಕಟ್ಟು. ಅದರ ಹತ್ರ ಬಂದು, ಮುಂದಿನದರ ಹತ್ರ ಹೋಗಲಿ."

ಭಾವ ಕನ್ನಡಿಯಲ್ಲಿ ಹೆಂಡತಿಯನ್ನು ನೋಡುತ್ತಿದ್ದರು.

"ಮನೆಯ ಕಿಟಕಿಗೆ?" ಎಂದ ಬಾಲಂಗೋಚಿ.

"ಒಂದು ಮೂಲೆ ಉಳಿಸಿ, ತೂಗುಹಾಕಿ ಬಂದಿದೀನಿ, ಅವರಿಗೆ ಮನೆ ಕಾಣೋಷ್ಟು. ಉಳಿದಿದ್ದು ನನಗೆ ಬೇಡ. ಹೊರಗೆ ನೋಡಕ್ಕೆ ಬರೀ ಅಡ್ಡ ಬರ್ತಿತ್ತು." ಅಕ್ಕ ಬಟ್ಟೆಯ ಅಂಚನ್ನು ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದಳು. "ಅಯ್ಯೋ, ನೋಡು, ಕತ್ತರಿ ತರೋದೇ ಮರೆತೆ. ಮನೆಗೆ ಹೋಗಿ ತರ್ತೀನಿ."

"ನಿಲ್ಲು," ಎಂದ ಬಾಲಂಗೋಚಿ.

ಕೈಯಲ್ಲಿದ್ದ ಕತ್ತರಿಯ ಮೇಲಿನ ಭಾವನ ಕೂದಲನ್ನು ತೊಡೆಗೆ ಒರೆಸಿ, ಹಸಿರು ಬಟ್ಟೆಯ ಅಂಚಿಗೆ ಇಟ್ಟ. ಅಕ್ಕ ತಮ್ಮನ ಮುಖ ನೋಡಿದಳು, ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಕತ್ತರಿ ಚರ್ರೆಂದು ಕೊನೆಯವರೆಗೂ ಸಾಗಿತು. ಮೊದಲ ಪಟ್ಟಿ ಕಳಚಿ ಭಾವನ ಮಡಿಲಿಗೆ ಬಿತ್ತು. ಅವರು ಅದನ್ನು ಎತ್ತಿ ಅಂಗೈಯಲ್ಲಿ ಮುಚ್ಚಿಕೊಂಡರು.

"ಕತ್ತರಿ ಇನ್ನು ಮೊಂಡಾಗುತ್ತೆ ಕಣೋ," ಎಂದರು ಭಾವ.

"ಆಗಲಿ ಬಿಡಿ."

"ಆಗಲಿ ಅಂತೀಯ. ನನ್ನ ಅರ್ಧ ತಲೆ ಇನ್ನೂ ಬಾಕಿ ಇದೆ," ಎಂದು ಭಾವ ಕನ್ನಡಿಯಲ್ಲೇ ಕಣ್ಣು ಹೊಡೆದು, ಎಡಗಿವಿಯನ್ನು ಕಾಪಾಡಿಕೊಳ್ಳಲು ಕೈ ಎತ್ತಿ ಬಲಗಿವಿಯನ್ನು ಮುಚ್ಚಿಕೊಂಡರು.